ಗುರುವಾರದ ತರಕಾರಿ ಬುಟ್ಟಿ: ಮೂರೂವರೆ ಸ್ಟಾರ್, ಒಂದು ಸ್ಟಾರ್ ತಿಂದಿದ್ದು ಜಿಗಿಹುಳ

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದದ ರಿವ್ಯೂ. ಸ್ಟಾರ್ ಎಷ್ಟು ಅಂತ ಮಾತ್ರ ನೋಡೋಕೆ ಬಂದಿದ್ರೆ ಮೂರೂವರೆ, ಓದಿ ಹೊರಡಿ. ಯಾಕೆ ಮೂರೂವರೆ ಅಂತ ಕೇಳೋರಿಗೆ ಮಾತ್ರ ಮುಂದಿನ ಪುರಾಣ.

ನಾವಿರೋದು ಜರ್ಮನಿಯ ಹೈಲ್‌ಬ್ರೊನ್ ಪಕ್ಕ. ಇಲ್ಲಿ ವಾರಕ್ಕೊಂದು ಸಲ ಮನೆ ಬಾಗಿಲಿಗೆ ತರಕಾರಿ ತಂದಿಡೋ ಸರ್ವಿಸ್ ತುಂಬಾ ಇದೆ, ಗೆಮ್ಯೂಸೆಕಿಸ್ಟೆ ಅಂತಾರೆ, ಅಂದ್ರೆ ತರಕಾರಿ ಪೆಟ್ಟಿಗೆ. ನಾವು ತಗೊಳ್ತಿರೋದು ಸುತ್ತಮುತ್ತಲಿನ ಐದಾರು ರೈತರು ಸೇರಿ ನಡೆಸೋ ಒಂದು ಚಿಕ್ಕ ಸರ್ವಿಸ್ನ, ಹೆಸರು ಬರೆಯೋಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದೀನಿ, ಆಮೇಲೆ ಪಾಪ ಅನ್ಸಿದೆ. ಇಬ್ಬರಿಗೆ ಸಾಕಾಗೋ ಪೆಟ್ಟಿಗೆಗೆ ವಾರಕ್ಕೆ 26 ಯೂರೋ. ಗುರುವಾರ ಬೆಳಿಗ್ಗೆ ಏಳರೊಳಗೆ ಹಸಿರು ಕ್ರೇಟು ಬಾಗಿಲ ಮುಂದೆ ಇರತ್ತೆ, ಹಿಂದಿನ ವಾರದ ಖಾಲಿ ಕ್ರೇಟು ವಾಪಸ್ ತಗೊಂಡು ಹೋಗ್ತಾರೆ. ಒಂದೂವರೆ ವರ್ಷದಲ್ಲಿ ಒಂದೇ ಒಂದು ಸಲ ಲೇಟಾಗಿದ್ದು, ಅದೂ ರಸ್ತೆ ತುಂಬಾ ಐಸ್ ಕಟ್ಟಿದ್ದ ದಿನ. ಡೆಲಿವರಿಗೆ ಫುಲ್ ಮಾರ್ಕ್ಸು. ಸೊಪ್ಪು ಅಂತೂ ಏನ್ ಹೇಳ್ಲಿ, ಪಾಲಕ್ ತಂದ ದಿನ ಮಧ್ಯಾಹ್ನ ಮುಟ್ಟಿದ್ರೆ ಇನ್ನೂ ತಣ್ಣಗೆ ಇರತ್ತೆ, ಮೂಲಂಗಿ ಜೊತೆ ಅದರ ಸೊಪ್ಪೂ ಬರತ್ತೆ (ಸೂಪರ್‌ಮಾರ್ಕೆಟ್ಟಲ್ಲಿ ಕತ್ತರಿಸಿ ಬಿಸಾಕಿರ್ತಾರೆ), ಆ ಸೊಪ್ಪಿನ ಹುಳಿ ಒಂದಕ್ಕೇ ಅರ್ಧ ದುಡ್ಡು ವಸೂಲ್. ಆ್ಯಪ್ ಮಾತ್ರ ಹಳೇ ಕಾಲದ್ದು, ಬೇಡದ ತರಕಾರಿ ಟಿಕ್ ತೆಗೆದ್ರೂ ಕೊಹ್ಲ್‌ರಾಬಿ ಬಂದೇ ಬರತ್ತೆ. ಅಂದ್ರೆ ನಮ್ಮ ನವಿಲುಕೋಸು, ನಂಗಿಷ್ಟ, ಬಿಡಿ. ಆದ್ರೂ.

ಸಮಸ್ಯೆ ಶುರುವಾಗಿದ್ದು ಸೆಪ್ಟೆಂಬರ್ ಕೊನೇಲಿ. ಊರಿಂದ ಅಮ್ಮ ಬಂದಿದ್ರು, 90 ದಿನದ ವೀಸಾ, ಅಡಿಕೆ ಕೊಯ್ಲು ಶುರುವಾಗೋದ್ರೊಳಗೆ ಕೊಪ್ಪಕ್ಕೆ ವಾಪಸ್ ಹೋಗ್ಬೇಕು ಅನ್ನೋ ಅವಸರ ಮೊದಲ ದಿನದಿಂದ್ಲೇ. ಆ ಗುರುವಾರ ಬಂದ ಆಲೂಗಡ್ಡೆ ಎತ್ತಿ ಅಮ್ಮ ಒಂದ್ಸಲ ಒತ್ತಿ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. "ಎಂಥ ಮಾರಾಯ್ತಿ ಇದು, ಆಲೂಗಡ್ಡೆಯಾ ರಬ್ಬರ್ ಚೆಂಡಾ?" ನಾನೂ ಒತ್ತಿದೆ. ಕೊಳೆತಿಲ್ಲ, ವಾಸನೆ ಇಲ್ಲ, ಸಿಪ್ಪೆ ಸುಕ್ಕಾಗಿಲ್ಲ, ಆದ್ರೆ ಬೆರಳಲ್ಲಿ ಬಗ್ಗಿಸಿದ್ರೆ ಬಗ್ಗತ್ತೆ. ಹಳೇ ಸ್ಟಾಕು ಕಳಿಸಿದಾರೆ ಅಂದ್ಕೊಂಡೆ. ಅಮ್ಮ ಬಿಡ್ತಾರಾ, ಸುಲಿದು ತೆಳ್ಳಗೆ ಹೆಚ್ಚಿ ಚಿಪ್ಸ್ ಕರಿಯೋಕೆ ಇಟ್ರು, ಎಣ್ಣೆಗೆ ಬಿದ್ದು ಎರಡು ನಿಮಿಷ ಆಗಿಲ್ಲ, ಅಂಚೆಲ್ಲ ಕಂದು, ಮೂರನೇ ನಿಮಿಷಕ್ಕೆ ಕಾಫಿಪುಡಿ ಬಣ್ಣ. ಉರಿ ಜಾಸ್ತಿ ಆಯ್ತು ಅಂತ ಎರಡನೇ ಘಾಣ ಸಣ್ಣ ಉರೀಲಿ ಹಾಕಿದ್ರು. ಅದೂ ಹಾಗೇ. ಬಾಯಿಗೆ ಹಾಕಿದ್ರೆ ಮೊದಲು ಸ್ವಲ್ಪ ಸಿಹಿ, ಆಮೇಲೆ ಕಹಿ. 40 ವರ್ಷ ಹಪ್ಪಳ ಸಂಡಿಗೆ ಕರಿದ ಕೈ ಅದು, ಆ ಅವಮಾನ ಅವರು ಇವತ್ತಿಗೂ ಮರೆತಿಲ್ಲ, ಮೊನ್ನೆ ಫೋನಲ್ಲೂ ಕೇಳಿದ್ರು.

ಉಳಿದ ನಾಲ್ಕು ಗಡ್ಡೆನ ಮೊಳಕೆ ಬಂದ್ರೆ ಬಾಲ್ಕನಿ ಕುಂಡದಲ್ಲಿ ಹಾಕೋಣ ಅಂತ ಕಿಟಕಿ ಹತ್ರ ಇಟ್ಟಿದ್ರು. ವಾರಗಳಾದ್ಮೇಲೆ ಎರಡಕ್ಕೆ ಮೊಳಕೆನೇ ಇಲ್ಲ, ಇನ್ನೆರಡಕ್ಕೆ ತಲೆಗೂದಲಿನ ಹಾಗೆ ಸಣ್ಣ ಎಳೆ. ದಪ್ಪ ಮೊಳಕೆ ಬರೋ ಕಡೆ ಕೂದಲು ಬಂದಿದ್ದು ನೋಡಿದ್ಮೇಲೆ ನಂಗೂ ಇದು ಬರೀ ಹಳೇ ಸ್ಟಾಕಿನ ವಿಷ್ಯ ಅಲ್ಲ ಅನ್ನಿಸ್ತು.

ಕಸ್ಟಮರ್ ಸರ್ವಿಸ್‌ಗೆ ಫೋಟೋ ಸಮೇತ ಮೇಲ್ ಹಾಕಿದೆ. ನಾಲ್ಕನೇ ದಿನಕ್ಕೆ ಉತ್ತರ ಬಂತು, ಈ ವರ್ಷ ಹವಾಮಾನ ಸರಿ ಇರಲಿಲ್ಲ, ಕ್ಷಮಿಸಿ, ನಿಮ್ಮ ಅಕೌಂಟಿಗೆ 4 ಯೂರೋ ಹಾಕಿದೀವಿ. ಅಷ್ಟೇ. ನನ್ನ ಸಿಟ್ಟು ಇರೋದು ಇಲ್ಲೇ. 4 ಯೂರೋ ಸರಿ, ಲೆಕ್ಕದಲ್ಲಿ ನ್ಯಾಯವೇ. ಆದ್ರೆ ಹವಾಮಾನ ಅನ್ನೋದು ಸುಳ್ಳಲ್ಲದೇ ಇದ್ರೂ ಕಾರಣ ಅದಲ್ಲ. ನಿಜವಾದ ಕಾರಣ ಅವರ ಪ್ರತಿಯೊಬ್ಬ ರೈತರಿಗೂ ಗೊತ್ತು, ಆಫೀಸಲ್ಲಿ ಮೇಲ್ ಬರೆಯೋರಿಗೂ ಗೊತ್ತು, ತಿನ್ನೋ ನಮಗೆ ಮಾತ್ರ ಹೇಳಲ್ಲ. ಅರ್ಧ ಸ್ಟಾರ್ ಕಟ್ ಆಗಿದ್ದು ಆ ಮೇಲ್‌ಗೆ.

ನಿಜ ಗೊತ್ತಾಗಿದ್ದು ಅಕ್ಟೋಬರಲ್ಲಿ, ಇವರೇ ವರ್ಷಕ್ಕೊಂದ್ಸಲ ಗಿರಾಕಿಗಳನ್ನ ಹೊಲಕ್ಕೆ ಕರ್ಕೊಂಡು ಹೋಗ್ತಾರಲ್ಲ, ಆವತ್ತು. (ಇದು ಫ್ರೀ, ಕುಂಬಳಕಾಯಿ ಸೂಪ್ ಕೊಡ್ತಾರೆ, ಮಕ್ಕಳಿಗೆ ಟ್ರ್ಯಾಕ್ಟರ್ ಸವಾರಿ, ಖಂಡಿತ ಹೋಗಿ.) ಅಮ್ಮನ್ನೂ ಕರ್ಕೊಂಡು ಹೋಗಿದ್ದೆ. ಆಲೂಗಡ್ಡೆ ಕೊಡೋ ರೈತ, 60 ದಾಟಿದ ಮನುಷ್ಯ, ಅವರ ಮುಖ್ಯ ಬೆಳೆ ತರಕಾರಿನೇ ಅಲ್ಲ, ಸಕ್ಕರೆ ಬೀಟು. ಇಲ್ಲಿ ಕಬ್ಬಿಲ್ಲ, ಸಕ್ಕರೆ ಬರೋದೇ ಈ ಬಿಳಿ ಗಡ್ಡೆಯಿಂದ. ಹತ್ತಿರದಲ್ಲೇ ಓಫೆನಾವಲ್ಲಿ ಸಕ್ಕರೆ ಫ್ಯಾಕ್ಟರಿ ಇದೆ. ಬೀಟಲ್ಲಿ ಸಕ್ಕರೆ ಇದೆ ಅಂತ ಕಂಡುಹಿಡಿದಿದ್ದೂ ಇದೇ ದೇಶದೋರು, ಬರ್ಲಿನ್ನಿನ ಮಾರ್ಗ್‌ಗ್ರಾಫ್ ಅನ್ನೋ ರಸಾಯನಶಾಸ್ತ್ರಜ್ಞ, 1747ರಲ್ಲಿ. ನಾನು ಆಲೂಗಡ್ಡೆ ಫೋಟೋ ತೋರಿಸಿದ ತಕ್ಷಣ ಅವರು ಒಂದ್ ಮಾತೂ ಆಡ್ದೆ ಪಕ್ಕದ ಹೊಲಕ್ಕೆ ನಡೆದು ಒಂದು ಬೀಟ್ ಕಿತ್ತು ತಂದ್ರು. ಹೊರಗಿನ ಎಲೆ ಹಳದಿ, ನಡುವಿನ ಹೊಸ ಎಲೆ ಈಟಿ ಥರ ಸಣ್ಣಗೆ ಉದ್ದ, ಒಂದು ಕಡೆ ಅಗಲ ಒಂದು ಕಡೆ ಕಿರಿದು. ಜೇಬಿಂದ ಚಾಕು ತೆಗೆದು ಗಡ್ಡೆ ಅಡ್ಡ ಕೊಯ್ದ್ರು, ಒಳಗೆ ಬಿಳಿ ಇರ್ಬೇಕಾದ ಕಡೆ ಮರದ ವಯಸ್ಸಿನ ಉಂಗುರದ ಥರ ಕಂದು ಗೆರೆ. "ಎಸ್‌ಬಿಆರ್" ಅಂದ್ರು, ಅಷ್ಟೇ. ಮಾತು ಕಮ್ಮಿ ಮನುಷ್ಯ. ಆದ್ರೆ ಒಂದೊಂದಾಗಿ ಕೇಳಿದ್ದಕ್ಕೆಲ್ಲ ಹೇಳಿದ್ರು, ಉಳಿದಿದ್ದು ನಾನು ಮನೆಗೆ ಬಂದು ರಾತ್ರಿ ಎರಡರವರೆಗೆ ಕೂತು ಓದಿದ್ದು.

ಆ ಎಸ್‌ಬಿಆರ್ ಅನ್ನೋದು ಒಂದು ಫ್ರೆಂಚ್ ಹೆಸರಿನ ಮೊದಲಕ್ಷರಗಳು, ಸಕ್ಕರೆ ಕಮ್ಮಿಯಾಗೋ ಕಾಯಿಲೆ ಅಂತ ಅರ್ಥ. 1991ರಲ್ಲಿ ಫ್ರಾನ್ಸಿನ ಬರ್ಗಂಡಿ ಕಡೆ ಮೊದಲು ಕಂಡಿದ್ದು. ಜರ್ಮನಿಯಲ್ಲಿ ಮೊದಲು ಸಿಕ್ಕಿದ್ದು 2008ರಲ್ಲಿ, ಅದೂ ನಮ್ಮ ಹೈಲ್‌ಬ್ರೊನ್ ಪಕ್ಕದಲ್ಲೇ, ಇದೊಂದು ಹೆಮ್ಮೆ ಪಡೋಕಾಗದ ದಾಖಲೆ. ಒಳ್ಳೇ ಬೀಟಲ್ಲಿ ನೂರಕ್ಕೆ 16ರಿಂದ 18 ಪಾಲು ಸಕ್ಕರೆ ಇರತ್ತೆ, ಈ ಕಾಯಿಲೆ ಬಂದ್ರೆ ಅದರಲ್ಲಿ ನಾಲ್ಕೈದು ಪಾಲಿನವರೆಗೂ ಹೋಗತ್ತೆ. ಹೊರಗಿಂದ ನೋಡಿದ್ರೆ ಹೊಲದ ತುಂಬಾ ಬೆಳೆ ಇರತ್ತೆ, ಫ್ಯಾಕ್ಟರಿ ತಕ್ಕಡೀಲಿ ಸಿಹಿ ಇರಲ್ಲ. ಬೀಟಲ್ಲಿ ಸಕ್ಕರೆ ಕಮ್ಮಿ ಮಾಡೋ ಅದೇ ಕಾಯಿಲೆ ಆಲೂಗಡ್ಡೆಲಿ ಸಕ್ಕರೆ ಜಾಸ್ತಿ ಮಾಡತ್ತೆ, ಅದಕ್ಕೇ ಎಣ್ಣೆಗೆ ಬಿದ್ರೆ ಕರಿ. ಚಿಪ್ಸ್ ಕಂಪನಿಗಳಿಗೆ ಇದೇ ದೊಡ್ಡ ತಲೆನೋವಂತೆ. ಇದನ್ನ ಹೇಳಿದಾಗ ಅಮ್ಮನ ಮುಖ ಒಂದೇ ಕ್ಷಣದಲ್ಲಿ ಅರಳಿತು, "ನೋಡ್ದ್ಯಾ, ನನ್ನ ಉರಿ ಸರೀನೇ ಇತ್ತು."

ಈಗ ಹುಳದ ವಿಷ್ಯ. ಇದನ್ನ ಹರಡೋದು ಒಂದು ಜಿಗಿಹುಳ, ಸೆಂಟಿಮೀಟರ್‌ಗಿಂತ ಚಿಕ್ಕದು, ಗಾಜಿನಂಥ ರೆಕ್ಕೆ, ನಮ್ಮ ಗದ್ದೆಯ ಕಂದು ಜಿಗಿಹುಳದ ದೂರದ ನೆಂಟ ಅನ್ನಿ. ಹೆಸರು ಪೆಂಟಾಸ್ಟಿರಿಡಿಯಸ್ ಲೆಪೊರಿನಸ್. ಇದು ಮೊದಲು ಕೆರೆ ಹೊಳೆ ಅಂಚಿನ ಜೊಂಡಲ್ಲಿ ಬದುಕ್ತಿತ್ತು, ಎಷ್ಟು ಅಪರೂಪ ಅಂದ್ರೆ ಜರ್ಮನಿಯ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದರ ಹೆಸರಿತ್ತು! ಉಳಿಸ್ಬೇಕು ಅಂತ ಪಟ್ಟಿ ಮಾಡಿದ ಹುಳ ಈಗ ಲೆಕ್ಕಕ್ಕೆ ಸಿಗದಷ್ಟು. ಅದು ಮಾಡಿದ್ದಿಷ್ಟೇ, ಜೊಂಡು ಬಿಟ್ಟು ಬೀಟ್ ಹೊಲಕ್ಕೆ ಮನೆ ಬದಲಾಯಿಸಿದ್ದು. ಬೇಸಿಗೇಲಿ ಹಾರಿ ಬಂದು ರಸ ಹೀರಿ ಬುಡದ ಮಣ್ಣಲ್ಲಿ ಮೊಟ್ಟೆ ಇಡತ್ತೆ, ಮರಿ ಮಣ್ಣೊಳಗೇ ಬೇರು ಹೀರ್ಕೊಂಡು ಬೆಳೆಯತ್ತೆ, ಬೀಟ್ ಕಿತ್ತ ಮೇಲೆ ರೈತ ಅದೇ ಹೊಲಕ್ಕೆ ಚಳಿಗಾಲದ ಗೋಧಿ ಬಿತ್ತುತ್ತಾನೆ, ಮರಿಗೆ ಊಟ ತಪ್ಪಲಿಲ್ಲ, ಚಳಿಗಾಲ ಪೂರ್ತಿ ಗೋಧಿ ಬೇರು ತಿಂದು ಮುಂದಿನ ಬೇಸಿಗೆಗೆ ರೆಕ್ಕೆ ಬಿಚ್ಚಿ ಪಕ್ಕದ ಬೀಟ್ ಹೊಲಕ್ಕೆ. ಮನುಷ್ಯರೇ ಹಾಸಿ ಕೊಟ್ಟ ಹಾಸಿಗೆ. ಈಗ ರೈತರು ಬೀಟ್ ಆದ್ಮೇಲೆ ಗೋಧಿ ಬಿಟ್ಟು ಹೊಲ ಖಾಲಿ ಬಿಟ್ಟು ವಸಂತದಲ್ಲಿ ಮೆಕ್ಕೆಜೋಳ ಹಾಕೋಕೆ ನೋಡ್ತಾರೆ, ಮರಿ ಉಪವಾಸ ಸಾಯ್ಲಿ ಅಂತ. ಇದು ಕೆಲಸ ಮಾಡತ್ತೆ, ಆದ್ರೆ ಪಕ್ಕದವನೂ ಮಾಡ್ಬೇಕು, ಹುಳಕ್ಕೆ ರೆಕ್ಕೆ ಇದೆಯಲ್ಲ. ಬೀಟ್ ಸಾಲದು ಅಂತ ಈಚಿನ ವರ್ಷಗಳಲ್ಲಿ ಆಲೂಗಡ್ಡೆ, ಈರುಳ್ಳಿಗೂ ಬಂದಿದೆ, ನನ್ನ ಗುರುವಾರದ ಪೆಟ್ಟಿಗೆಗೆ ಬಂದಿದ್ದು ಹೀಗೆ.

ಆದ್ರೆ ಕಾಯಿಲೆ ಹುಳ ಅಲ್ಲ. ಹುಳದ ಹೊಟ್ಟೇಲಿರೋದು. ನಂಗೆ ನಿದ್ದೆ ಕೆಡಿಸಿದ ಭಾಗ ಇದೇ, ಆಲೂಗಡ್ಡೆ ಮರೆತೇ ಹೋಯ್ತು.

ಗಿಡದ ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯೋ ನಾಳ ಇದೆಯಲ್ಲ, ಈ ಜಿಗಿಹುಳಗಳು ಅದಕ್ಕೇ ಸ್ಟ್ರಾ ಚುಚ್ಚಿ ಕುಡಿಯೋದು. ಅದು ಬರೀ ಪಾನಕ. ಸಕ್ಕರೆ ಬೇಕಾದಷ್ಟು, ಮೈ ಕಟ್ಟೋಕೆ ಬೇಕಾದ ಸತ್ವ ತೀರಾ ಕಮ್ಮಿ. ಜೀವನಪೂರ್ತಿ ಪಾನಕ ಕುಡಿದು ಬದುಕೋದು ಹೇಗೆ? ಹುಳದ ಮೈಯೊಳಗೆ ಅಡುಗೆ ಭಟ್ಟರನ್ನ ಇಟ್ಕೊಂಡಿದೆ. ಸಲ್ಸಿಯಾ, ವಿಡಾನಿಯಾ, ಪರ್ಸೆಲ್ಲಿಯೆಲ್ಲಾ ಅಂತ ಮೂರು ಬ್ಯಾಕ್ಟೀರಿಯಾ, ಈ ಜಿಗಿಹುಳದ ವಂಶದಲ್ಲಿ ಕೋಟ್ಯಂತರ ವರ್ಷದಿಂದ ಇರೋ ಮನೆಯಾಳುಗಳು. ಪಾನಕದಲ್ಲಿ ಇಲ್ಲದ ಸತ್ವ ತಯಾರಿಸಿ ಬಡಿಸೋದು ಇವರ ಕೆಲಸ, ತಾಯಿಂದ ಮರಿಗೆ ಮೊಟ್ಟೆಯೊಳಗೇ ಸಾಗಿ ಹೋಗ್ತಾರೆ. ಎಷ್ಟು ಕಾಲದಿಂದ ಒಳಗೇ ಇದಾರೆ ಅಂದ್ರೆ ಹೊರಗೆ ಬದುಕೋ ವಿದ್ಯೆನೇ ಮರೆತಿದಾರೆ. ಸಲ್ಸಿಯಾದ ಜೀನೋಮು, ಅಂದ್ರೆ ಅದರ ವಂಶವಾಹಿ ಬರಹ ಪೂರ್ತಿ ಸೇರಿ, ಸುಮಾರು ಒಂದೂವರೆ ಎರಡು ಲಕ್ಷ ಅಕ್ಷರ ಅಷ್ಟೇ, ನಮ್ಮ ಕರುಳಲ್ಲಿರೋ ಇ. ಕೋಲಿಗೆ 46 ಲಕ್ಷ. ಬೇಡದ ಸಾಮಾನೆಲ್ಲ ಮಾರಿ ಒಂದು ಸೌಟು ಮಾತ್ರ ಇಟ್ಕೊಂಡ ಹಾಗೆ. ಇವರು ಗಿಡಕ್ಕೆ ಕಾಯಿಲೆ ತರೋದು ಸಾಧ್ಯನೇ ಇಲ್ಲ, ಹೊಸ್ತಿಲು ದಾಟಿದ್ರೆ ಸತ್ತ ಹಾಗೆ.

ಅದೇ ಮನೇಲಿ ಇನ್ನೊಬ್ಬ ಇದಾನೆ. ಭಟ್ಟ ಅಲ್ಲ, ಯಾವತ್ತೋ ಬಂದು ಹೊರಡದೇ ಇರೋ ನೆಂಟ. ಹೆಸರು ಆರ್ಸೆನೊಫೋನಸ್. ಗ್ರೀಕಲ್ಲಿ ಗಂಡು ಕೊಲ್ಲೋನು ಅಂತ ಅರ್ಥ, ಸುಮ್ನೆ ಇಟ್ಟಿದ್ದಲ್ಲ. ಈ ಕುಲದ ಮೊದಲ ಬ್ಯಾಕ್ಟೀರಿಯಾಗೆ ಹೆಸರಿಟ್ಟಿದ್ದು 1991ರಲ್ಲಿ, ಹೌದು, ಬರ್ಗಂಡಿಯ ಬೀಟ್ ಹಳದಿಯಾದ ಅದೇ ವರ್ಷ, ಆವಾಗ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೆ ಗೊತ್ತಿತ್ತು. ಅದು ಸಿಕ್ಕಿದ್ದು ನಸೋನಿಯಾ ಅನ್ನೋ ಪುಟಾಣಿ ಕಣಜದಲ್ಲಿ. ಈ ಕಣಜ ನೊಣದ ಗೂಡಿಗೆ ಚುಚ್ಚಿ ಒಳಗಿರೋ ಗೂಡುಹುಳದ ಮೈಮೇಲೆ ಮೊಟ್ಟೆ ಇಡತ್ತೆ, ಬ್ಯಾಕ್ಟೀರಿಯಾ ಇದ್ದ ತಾಯಿಯ ಗಂಡುಮಕ್ಕಳು ಬಹುಪಾಲು ಮೊಟ್ಟೆಯಲ್ಲೇ ಸಾಯ್ತಾವೆ, ಹೆಣ್ಣು ಉಳಿಯತ್ತೆ. ಹೆಣ್ಣೇ ಯಾಕೆ ಬೇಕು ಅಂದ್ರೆ ಮುಂದಿನ ಪೀಳಿಗೆಗೆ ದಾಟಿಸೋದು ಹೆಣ್ಣು ಮಾತ್ರ.

ಈ ಕುಲ ತುಂಬಾ ದೊಡ್ಡದು, ಕೀಟಗಳಂಥ ಜೀವಿಗಳಲ್ಲಿ ಅಂದಾಜು ನೂರಕ್ಕೆ ಐದು ಜಾತಿಲಿ ಇದರ ಯಾವುದಾದ್ರೂ ಸಂಬಂಧಿಕ ಇದಾನಂತೆ. ಬಿಳಿನೊಣದಲ್ಲಿದೆ, ಜೇನಲ್ಲಿದೆ. ನಿಮ್ಮ ಮಕ್ಕಳ ತಲೆಯ ಹೇನಲ್ಲೂ ಇದೇ ಕುಲದ ಒಬ್ಬ ಇದಾನೆ, ರೀಸಿಯಾ ಅಂತ, ರಕ್ತದಲ್ಲಿ ಸಾಕಷ್ಟು ಸಿಗದ ವಿಟಮಿನ್ ಬಿ5 ಮಾಡಿ ಹೇನಿಗೆ ಕೊಡ್ತಾನೆ, ಅವನಿಲ್ದೆ ಹೇನು ಬದುಕಲ್ಲ. ಅಂದ್ರೆ ಒಂದೇ ಕುಟುಂಬದಲ್ಲಿ ಒಬ್ಬ ಕೊಲೆಗಾರ, ಒಬ್ಬ ಅಡುಗೆಯವನು, ಇನ್ನೊಬ್ಬ ನನ್ನ ಆಲೂಗಡ್ಡೆ ಕೆಡಿಸಿದೋನು.

ಈ ಮೂರನೆಯವನು ಗಿಡಕ್ಕೆ ಹೇಗೆ ಬಂದ? ಇದನ್ನ ನಾನು ಅಮ್ಮನಿಗೆ ಟ್ರ್ಯಾಮಲ್ಲಿ ವಿವರಿಸಿದ್ದು ಹೀಗೆ. ಹುಳದ ಮೈಯೊಳಗಿನ ಬ್ಯಾಕ್ಟೀರಿಯಾ ಹರಡೋಕೆ ಹಳೇ ದಾರಿ ಒಂದೇ, ತಾಯಿಂದ ಮೊಟ್ಟೆಗೆ. ಆ ದಾರಿಲಿ ಹೋಗೋನು ಹುಳದ ಕ್ಷೇಮ ನೋಡ್ಲೇಬೇಕು, ಹುಳ ಸತ್ರೆ ತಾನೂ ಸತ್ತ. ಆದ್ರೆ ಕೆಲವರು ಮೊಟ್ಟೆಯ ಹತ್ರ ಮಾತ್ರ ಇರೋಲ್ಲ, ಜೊಲ್ಲಿನ ಗ್ರಂಥಿಗೂ ಹೋಗಿ ಕೂರ್ತಾರೆ. ಹುಳ ಗಿಡಕ್ಕೆ ಸ್ಟ್ರಾ ಚುಚ್ಚಿದಾಗ ಮೊದಲು ಜೊಲ್ಲು ಬಿಡತ್ತೆ, ಆ ಜೊಲ್ಲಿನ ಜೊತೆ ಇವರೂ ಗಿಡದ ನಾಳಕ್ಕೆ ಜಾರ್ತಾರೆ. ಹೆಚ್ಚಿನವು ಅಲ್ಲೇ ಸಾಯ್ತಾವೆ. ಸಾಯದೇ ಸ್ವಲ್ಪ ಹೊತ್ತು ಉಳಿದ್ರೆ ಸಾಕು, ಅದೇ ಗಿಡಕ್ಕೆ ಇನ್ನೊಂದು ಹುಳ ಬಾಯಿ ಹಾಕಿದಾಗ ಅದರೊಳಗೆ ಹೋಗ್ಬಹುದು, ತಾಯಿ ಮಗು ಸಂಬಂಧ ಇಲ್ದೇನೇ ಹೊಸ ಹುಳ ಸಿಕ್ತು. ಬಿಳಿನೊಣದ ರಿಕೆಟ್ಸಿಯಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಹೀಗೆ ಗಿಡದ ಮೂಲಕ ಹುಳದಿಂದ ಹುಳಕ್ಕೆ ದಾಟೋದನ್ನ ಪ್ರಯೋಗದಲ್ಲೇ ನೋಡಿದಾರೆ. ಊರಿನ ಕೆರೆ ನೀರು ಒಬ್ರ ಮನೆ ಜ್ವರ ಇನ್ನೊಬ್ರ ಮನೆಗೆ ಮುಟ್ಟಿಸ್ತಿತ್ತಲ್ಲ, ಆ ಥರ. ಕೆರೆಗೆ ಜ್ವರ ಬರ್ತಿರಲಿಲ್ಲ ಅಷ್ಟೇ. ಇಲ್ಲಿ ಗಿಡ ಬರೀ ಕೆರೆಯಾಗಿ ಉಳಿಯಲಿಲ್ಲ. ನಾಳದಲ್ಲಿ ಬದುಕಿ ಉಳಿದೋನಿಗೆ, ಅಲ್ಲೇ ಸಂಸಾರ ಬೆಳೆಸಿದೋನಿಗೆ, ಹೆಚ್ಚು ಹುಳಗಳಿಗೆ ಹತ್ತೋ ಅವಕಾಶ. ಸಾವಿರ ಸಾವಿರ ಪೀಳಿಗೆ ಹೀಗೇ ಆಯ್ಕೆ ನಡೆದ್ರೆ ಕೊನೆಗೆ ಎರಡು ಮನೆ ಇರೋ ಬ್ಯಾಕ್ಟೀರಿಯಾ, ಒಂದು ಹುಳ, ಒಂದು ಗಿಡ. ಗಿಡ ಸಾಯ್ತಾ ಇದ್ರೆ ಇವನಿಗೇನು, ಹೊರಡೋಕೆ ಗಾಡಿ ರೆಡಿ ಇದೆ. ಹುಳದ ಮೇಲೆ ಇರೋ ದಾಕ್ಷಿಣ್ಯ ಗಿಡದ ಮೇಲೆ ಇಲ್ಲ. ಸಿಹಿ ಸಾಗೋ ನಾಳದಲ್ಲಿ ಇವನು ಗುಡಿಸಲು ಹಾಕಿದ್ಮೇಲೆ ಗಿಡದ ಲೆಕ್ಕಾಚಾರ ಎಲ್ಲ ತಪ್ಪತ್ತೆ, ಎಲೆ ಹಳದಿ, ಗಡ್ಡೆಯೊಳಗೆ ಕಂದು ಉಂಗುರ.

ಕಣಜದ ಕಥೆ ನಂಗೆ ಇಲ್ಲೇ ಮತ್ತೆ ನೆನಪಾಗಿದ್ದು. ಆ ಗಂಡುಕೊಲೆಗಾರ ಬ್ಯಾಕ್ಟೀರಿಯಾ ತಾಯಿಂದ ಮಗಳಿಗೆ ಮೊಟ್ಟೆಯೊಳಗೆ ಹೋಗೋಲ್ಲ, ತಾಯಿ ನೊಣದ ಗೂಡುಹುಳಕ್ಕೆ ಚುಚ್ಚಿದಾಗ ಅದರೊಳಗೆ ಇಳಿದು ಅಲ್ಲಿ ಬೆಳೆಯತ್ತೆ, ಮರಿಗಳು ಆ ನೊಣವನ್ನ ತಿನ್ನುವಾಗ ಹೊಟ್ಟೆಗೆ ಸೇರ್ಕೊಳ್ಳತ್ತೆ. ಅಂದ್ರೆ ಚುಚ್ಚೋ ಸೂಜಿಲಿ ಇಳಿದು, ಮೂರನೆಯವರ ಮೈಲಿ ಬೆಳೆದು, ಅಲ್ಲಿಂದ ಮತ್ತೆ ಕೀಟಕ್ಕೆ ಹತ್ತೋ ಪ್ರಯಾಣ ಈ ಕುಲಕ್ಕೆ ಹೊಸದಲ್ಲ. ಅಲ್ಲಿ ನೊಣ, ಇಲ್ಲಿ ಬೀಟು. ಇದು ನನ್ನ ಸ್ವಂತ ಹೋಲಿಕೆ, ವಿಜ್ಞಾನಿಗಳು ಬೈದ್ರೆ ಬೈಸ್ಕೊಳ್ತೀನಿ.

ಇನ್ನೊಂದು ವಿಷ್ಯ, ಇದು ಒಂದ್ಸಲ ಆಗಿದ್ದ ಅಚಾತುರ್ಯ ಅಲ್ಲ. ಫ್ರಾನ್ಸಲ್ಲಿ ಸ್ಟ್ರಾಬೆರಿ ಎಲೆ ಅಂಚು ಹಳದಿಯಾಗೋ ಒಂದು ಕಾಯಿಲೆ ಇದೆ, ಅದರ ಬ್ಯಾಕ್ಟೀರಿಯಾನೂ ಇದೇ ಕುಲದ್ದು, ಹರಡೋದೂ ಇದೇ ಕುಟುಂಬದ ಇನ್ನೊಂದು ಜಿಗಿಹುಳ. ಸಹಜವಾಗಿ ಎರಡೂ ಅಣ್ಣತಮ್ಮಂದಿರು ಅಂದ್ಕೊಳ್ತೀವಿ. 2012ರಲ್ಲಿ ಬೀಟ್ ಬ್ಯಾಕ್ಟೀರಿಯಾಗೆ ಆರ್ಸೆನೊಫೋನಸ್ ಫೈಟೊಪ್ಯಾಥೊಜೆನಿಕಸ್ ಅಂತ ಹೆಸರು ಕೊಟ್ಟ ಸಂಶೋಧಕರು ವಂಶವೃಕ್ಷ ಹಾಕಿ ನೋಡಿದ್ರೆ ಅಲ್ಲ, ಇಬ್ರೂ ಬೇರೆ ಬೇರೆ ಕೊಂಬೆ. ಕೀಟದ ನೆಂಟ ಗಿಡದ ಕಾಯಿಲೆಯಾಗಿದ್ದು ಈ ಒಂದೇ ಕುಲದಲ್ಲಿ ಕನಿಷ್ಠ ಎರಡು ಸಲ, ಬೇರೆ ಬೇರೆಯಾಗಿ. ಎರಡೂ ಸಲ ಜಿಗಿಹುಳದ ಮನೆಯಿಂದ್ಲೇ. ರಸ ಹೀರೋ ಹುಳದ ಮೈ ಅಂದ್ರೆ ಗಿಡಕ್ಕೆ ನುಗ್ಗೋ ಬಾಗಿಲ ಪಕ್ಕದ ರೂಮು, ಅಲ್ಲಿ ಯಾರೇ ಬಾಡಿಗೆಗಿದ್ರೂ ಒಂದಿನ ಬಾಗಿಲು ತೆಗೆದು ನೋಡೋರೇ.

ಅಮ್ಮ ಇದನ್ನೆಲ್ಲ ಕೇಳಿ ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ "ನಮ್ಮ ತೋಟಕ್ಕೆ ಬಂದದ್ದೂ ಹೀಗೇ ಅಲ್ವನೇ" ಅಂದ್ರು. ಕೊಪ್ಪ ಶೃಂಗೇರಿ ಕಡೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಅಡಿಕೆಯ ಹಳದಿ ಎಲೆ ರೋಗ. ಅಪ್ಪ ಇದ್ದಾಗ ಮೇಲಿನ ತೋಟ ಪೂರ್ತಿ ಹೋಯ್ತು, ಸುಣ್ಣ ಹಾಕಿದ್ದೇ ಹಾಕಿದ್ದು, ಗೊಬ್ಬರ ಬದಲಾಯಿಸಿದ್ದೇ ಬದಲಾಯಿಸಿದ್ದು, ಮರ ನಿಂತಲ್ಲೇ ಹಳದಿಯಾಗಿ ಫಸಲು ಇಳೀತಾ ಹೋಯ್ತು. ಅದು ಆರ್ಸೆನೊಫೋನಸ್ ಅಲ್ಲ, ಫೈಟೊಪ್ಲಾಸ್ಮಾ, ಬೇರೆ ಕುಲ, ಆದ್ರೆ ಬದುಕಿನ ರೀತಿ ಅದೇ. ಕೋಶದ ಸುತ್ತ ಗೋಡೆನೇ ಇಲ್ಲದ ಪುಟ್ಟ ಬ್ಯಾಕ್ಟೀರಿಯಾ, ಒಂದು ಕಾಲು ಜಿಗಿಹುಳದೊಳಗೆ ಇನ್ನೊಂದು ಕಾಲು ಗಿಡದ ಅದೇ ಸಿಹಿ ನಾಳದಲ್ಲಿ, ಎರಡೂ ಕಡೆ ಮರಿ ಹಾಕತ್ತೆ. ಅಡಿಕೆಗೆ ತರೋದೂ ಒಂದು ಜಿಗಿಹುಳನೇ, ಪ್ರೌಟಿಸ್ಟಾ ಮೊಯೆಸ್ಟಾ. ತಮಾಷೆ ಅಂದ್ರೆ ಜರ್ಮನಿಯ ಈ ಹುಳ ಆರ್ಸೆನೊಫೋನಸ್ ಜೊತೆಗೆ ಸ್ಟೋಲ್‌ಬುರ್ ಅನ್ನೋ ಒಂದು ಫೈಟೊಪ್ಲಾಸ್ಮಾನೂ ಹೊತ್ತು ತರತ್ತೆ, ಗಡ್ಡೆ ರಬ್ಬರ್ ಆಗೋದ್ರಲ್ಲಿ, ಕೂದಲಿನಂಥ ಮೊಳಕೆಲಿ, ಅದರ ಕೈವಾಡ ದೊಡ್ಡದು. ಅಂದ್ರೆ ಅಮ್ಮ ಕೊಪ್ಪದಿಂದ ಏಳು ಸಾವಿರ ಕಿಲೋಮೀಟರ್ ಹಾರಿ ಬಂದು ಒತ್ತಿ ನೋಡಿದ ಆಲೂಗಡ್ಡೆ ಒಳಗೆ ಇದ್ದಿದ್ದು ಅವರ ತೋಟ ಹಾಳು ಮಾಡಿದೋನ ಸೋದರ ಸಂಬಂಧಿ. ನಮ್ಮ ತೋಟ ಹಳದಿಯಾಗಿ ಹೋದ ವಿಷ್ಯನ ಹೊಲಕ್ಕೆ ಹೋದ ದಿನವೇ ಆ ರೈತರಿಗೆ ನಾನು ಜರ್ಮನಲ್ಲಿ ಹೇಳಿದ್ದೆ, ನನ್ನ ಜರ್ಮನ್ ಅಷ್ಟಕ್ಕಷ್ಟೇ. ಅವರು ಅಮ್ಮನ ಕಡೆ ತಿರುಗಿ "ಎಷ್ಟು ಮರ ಹೋಯ್ತು" ಅಂತ ಕೇಳಿದ್ರು. ಅಮ್ಮ ಕನ್ನಡದಲ್ಲೇ "ಮುನ್ನೂರು" ಅಂದ್ರು, ಕೈಯಲ್ಲಿ ಮೂರು ಬೆರಳು ತೋರಿಸಿ. ಅವರು ತಲೆ ಆಡಿಸಿ ತಮ್ಮ ಹೊಲದ ಕಡೆ ಕೈ ತೋರಿಸಿದ್ರು. ಇಬ್ರಿಗೂ ಭಾಷಾಂತರ ಬೇಕಾಗಲಿಲ್ಲ, ನಾನು ಸೂಪ್ ತರೋಕೆ ಹೋದೆ.

ಸರಿ, ರಿವ್ಯೂಗೆ ವಾಪಸ್.

ತಿಂದ್ರೆ ನಮಗೇನಾದ್ರೂ ಆಗತ್ತಾ ಅಂತ ಕೇಳೋರಿಗೆ: ಇಲ್ಲ. ಇದು ಗಿಡ ಮತ್ತು ಹುಳದ ಬ್ಯಾಕ್ಟೀರಿಯಾ, ಮನುಷ್ಯರಿಗೆ ಕಾಯಿಲೆ ತರಲ್ಲ. ಬೇಯಿಸಿ ಹುಳಿಗೆ ಸಾಗುಗೆ ಹಾಕಿದ್ರೆ ಹೊಟ್ಟೆಗೇನೂ ಮಾಡಲ್ಲ, ರುಚಿ ಸಪ್ಪೆ ಅಷ್ಟೇ, ಕರಿಯೋಕೆ ಮಾತ್ರ ಹೋಗ್ಬೇಡಿ. ತರಕಾರಿ ತಗೊಂಡ ತಕ್ಷಣ ಆಲೂಗಡ್ಡೆ ಒಂದೊಂದಾಗಿ ಒತ್ತಿ ನೋಡಿ, ಬಗ್ಗೋದನ್ನ ಬೇರೆ ಇಡಿ.

ರೈತರ ಮೇಲೆ ನಂದೇನೂ ಕಂಪ್ಲೇಂಟ್ ಇಲ್ಲ. ಔಷಧಿ ಹೊಡೀಬಹುದಲ್ಲ ಅಂತೀರೇನೋ, ಗಿಡದೊಳಗಿನ ಬ್ಯಾಕ್ಟೀರಿಯಾಗೆ ಹೊಲದಲ್ಲಿ ಹೊಡೆಯೋ ಔಷಧಿನೇ ಇಲ್ಲ, ಹುಳಕ್ಕೆ ಹೊಡೆಯೋಣ ಅಂದ್ರೆ ಮರಿ ಮಣ್ಣೊಳಗಿರತ್ತೆ, ದೊಡ್ಡದು ವಾರಗಟ್ಟಲೆ ಬೇರೆ ಬೇರೆ ಕಡೆಯಿಂದ ಹಾರಿ ಬರ್ತಾನೇ ಇರತ್ತೆ. ನಾನು ತಗೊಳ್ಳೋ ಪೆಟ್ಟಿಗೆಯ ಜಾಹೀರಾತೇ ಕಮ್ಮಿ ಔಷಧಿ ಅಂತ, ಅದಕ್ಕೇ ತಾನೇ ಸೂಪರ್‌ಮಾರ್ಕೆಟ್ಟಿಗಿಂತ ಹೆಚ್ಚು ಕೊಟ್ಟು ತಗೊಳ್ಳೋದು. ಹಾಗಾಗಿ ಆಲೂಗಡ್ಡೆಗೆ ಕಟ್ ಮಾಡಿದ ಒಂದು ಸ್ಟಾರ್ ಲೆಕ್ಕಕ್ಕೆ ಜಿಗಿಹುಳಕ್ಕೆ ಹೋಗ್ಬೇಕು, ಆದ್ರೆ ಅದಕ್ಕೆ ಅಕೌಂಟ್ ಇಲ್ಲ.

ಸರ್ವಿಸ್‌ನೋರು ಮಾಡ್ಬೇಕಾದ ಕೆಲಸ ಎರಡು. ಒಂದು, ಪೆಟ್ಟಿಗೆಗೆ ಹಾಕೋ ಮುಂಚೆ ಆಲೂಗಡ್ಡೆ ಕೈಯಲ್ಲಿ ಒತ್ತಿ ಆರಿಸಿ, ಅಮ್ಮನಿಗೆ ಎರಡು ಸೆಕೆಂಡ್ ಸಾಕಾಯ್ತು. ಎರಡು, ವಾರಾವಾರ ಪೆಟ್ಟಿಗೆ ಜೊತೆ ಒಂದು ಚೀಟಿ ಇಡ್ತೀರಲ್ಲ, ಕುಂಬಳಕಾಯಿ ರೆಸಿಪಿ ಬರೆದು, ಅದರ ಹಿಂದೆ ನಾಲ್ಕು ಸಾಲು ಈ ಹುಳದ ಬಗ್ಗೆ ಬರೀರಿ. ಹವಾಮಾನ ಅಂತ ಮೇಲ್ ಕಳ್ಸಿದ್ರೆ ಗಿರಾಕಿ ನಿಮಗೆ ಕೆಲಸ ಬರಲ್ಲ ಅಂದ್ಕೊಳ್ತಾನೆ, ಹುಳ ಅಂತ ಬರೆದ್ರೆ ಜೊತೆಗೆ ನಿಲ್ತಾನೆ, ನಾನಂತೂ ನಿಂತೆ. ಇದನ್ನೇ ಅವರಿಗೆ ಎರಡನೇ ಮೇಲ್ ಆಗಿ ಕಳಿಸಿದೀನಿ, ಸ್ವಲ್ಪ ಮರ್ಯಾದೆ ಭಾಷೇಲಿ.

ಸಬ್‌ಸ್ಕ್ರಿಪ್ಶನ್ ಬಿಟ್ಟಿಲ್ಲ. ಆಲೂಗಡ್ಡೆ ಮಾತ್ರ ಮುಂದಿನ ಸೀಸನ್‌ವರೆಗೆ ಬೇಡ ಅಂತ ಟಿಕ್ ತೆಗೆದಿದೀನಿ, ಅದರ ಬದ್ಲು ಏನು ಬರ್ತಿದೆ ಅಂತ ನೀವೇ ಊಹಿಸಿ.

ಅಪ್‌ಡೇಟ್, ಮೂರು ವಾರ ಆದ್ಮೇಲೆ: ಈ ಗುರುವಾರ ಚೀಟಿ ಹಿಂದೆ ಜಿಗಿಹುಳದ ಚಿತ್ರ ಸಮೇತ ಆರು ಸಾಲು ಬಂದಿದೆ, ಗೋಧಿ ಬದ್ಲು ಜೋಳ ಯಾಕೆ ಹಾಕ್ತಿದಾರೆ ಅಂತಾನೂ ಬರೆದಿದಾರೆ. ಮೇಲ್‌ಗೆ ಕಟ್ ಮಾಡಿದ ಅರ್ಧ ಸ್ಟಾರ್ ವಾಪಸ್ ಕೊಡೋಣ ಅಂದ್ಕೊಂಡೆ, ಪೆಟ್ಟಿಗೆ ತೆರೆದ್ರೆ ಮತ್ತೆ ಎರಡು ಕೊಹ್ಲ್‌ರಾಬಿ. ಮೂರೂವರೆ ಹಾಗೇ ಇರ್ಲಿ.